ಮೀಸೆ ಮಣ್ಣಾಗುವ ಹೊತ್ತು

ಗುಡುಗುಡು ಸದ್ದು ಮಾಡುತ್ತಾ ಬರುವ ಬುಲೆಟ್ಟಿಗೆ ಊರಿನಲ್ಲಿ ಒಂದು ಗತ್ತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದ ಮೇಲೆ ಪೊಲೀಸರು, ಮಿಲಿಟರಿಯವರು, ಮಲೆನಾಡಿನ ತೋಟದ ಮಾಲೀಕರು ಈ ಗತ್ತಿಗೆ ಮನಸೋತರು. ಹೆದ್ದಾರಿಯಲ್ಲಿ ಅಲುಗದೆ ಓಡುವ ಇದೇ ಬುಲೆಟ್ಟು, ಪೆಟ್ರೋಲ್ ಬಂಕಿನ ಮುಂದೆ ಸುಮ್ಮನೆ ನಿಂತಾಗ ಮೆಲ್ಲಗೆ ವಾಲಿ ದೊಪ್ಪನೆ ಮಲಗಿಬಿಡುವುದುಂಟು. ಸವಾರನಿಗೆ ಪೆಟ್ಟಿಗಿಂತ ಅವಮಾನವೇ ಹೆಚ್ಚು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಇಲ್ಲಿ ಆಗದು. ಸುತ್ತ ಹತ್ತು ಜನ ನೋಡುತ್ತಿರುತ್ತಾರೆ.

ಓಡುವಾಗ ಬೀಳದ್ದು ನಿಂತಾಗ ಬೀಳುವುದೇಕೆ? ಚಲಿಸುವ ಬೈಕು ಎಡಕ್ಕೆ ವಾಲಿದರೆ ಹ್ಯಾಂಡಲ್ ಕೂಡ ಸ್ವಲ್ಪ ಎಡಕ್ಕೆ ತಿರುಗಿ, ಚಕ್ರಗಳು ಮತ್ತೆ ಭಾರದ ಕೆಳಗೇ ಬಂದು ನಿಲ್ಲುತ್ತವೆ. ನಿಂತ ಬೈಕಿಗೆ ಈ ಅನುಕೂಲವಿಲ್ಲ. ಅದಕ್ಕೆ ಸವಾರನ ಕಾಲೇ ಆಸರೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 100 ಸಿಸಿಯ ಸಾಮಾನ್ಯ ಬೈಕಿನ ತೂಕ ಸುಮಾರು 110 ಕೆ.ಜಿ. ಈಗಿನ ಬುಲೆಟ್ 350ರದ್ದು ಸುಮಾರು 195 ಕೆ.ಜಿ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಬುಲೆಟ್ಟು 5 ಡಿಗ್ರಿ ವಾಲಿದಾಗ ಕೈಯಲ್ಲಿ ತಡೆಯಬೇಕಾದ ಭಾರ 8-9 ಕೆ.ಜಿ.ಯಷ್ಟೇ. 10 ಡಿಗ್ರಿಗೆ 17 ಕೆ.ಜಿ. ಆಗುತ್ತದೆ. 30 ಡಿಗ್ರಿಗೆ ಬಂದರೆ ಅಕ್ಕಿಮೂಟೆಯಷ್ಟು, ಸುಮಾರು 50 ಕೆ.ಜಿ.! ಆರಂಭದಲ್ಲಿ ಬೆರಳಲ್ಲಿ ತಡೆದದ್ದು ಮರುಕ್ಷಣ ತೋಳಿಗೂ ಬಗ್ಗುವುದಿಲ್ಲ.

ಬೀಳಿಸುವ ಕಾರಣಗಳೆಲ್ಲ ಚಿಕ್ಕವೇ. ಹ್ಯಾಂಡಲ್ ತಿರುಗಿಸಿ ನಿಧಾನವಾಗಿ ಬರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯುವುದು, ಊರಿದ ಕಾಲಿನಡಿ ಜಲ್ಲಿಯೋ ಚೆಲ್ಲಿದ ಡೀಸೆಲ್ಲೋ ಇರುವುದು, ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿಯುವುದು. ಸೀರೆಯುಟ್ಟ ಅಮ್ಮನೋ ಅತ್ತೆಯೋ ಹಿಂದಿನ ಸೀಟಿಗೆ ಒಂದೇ ಪಕ್ಕದಿಂದ ಹತ್ತುವಾಗ ಸವಾರ ಎರಡೂ ಕಾಲು ಊರಿ ಸಿದ್ಧನಾಗಿರದಿದ್ದರೆ ಅದೂ ಸಾಕು. ಘಾಟಿಯ ಇಳಿಜಾರಿನಲ್ಲಿ ನಿಲ್ಲುವುದಾದರೆ ನೆಲ ಎತ್ತರವಿರುವ ಕಡೆಗೇ ಕಾಲು ಊರಬೇಕು. ತಗ್ಗಿನ ಕಡೆ ಚಾಚಿದ ಕಾಲಿಗೆ ನೆಲ ಸಿಗುವ ಮೊದಲೇ ಬೈಕು ವಾಲಿರುತ್ತದೆ.

ವಾಲುವಿಕೆ ಕೈಮೀರಿತು ಅನ್ನಿಸಿದರೆ ಬಿಟ್ಟುಬಿಡುವುದೇ ಜಾಣತನ. ಕಾಲು ಕೊಟ್ಟು ತಡೆಯಲು ಹೋದರೆ ಪಾದ ಅಡಿಯಲ್ಲಿ ಸಿಕ್ಕಿ ಮೂಳೆ ಮುರಿಯಬಹುದು, ಕಾದ ಸೈಲೆನ್ಸರ್ ಚರ್ಮ ಸುಡಬಹುದು. ಮುರಿದ ಕನ್ನಡಿ, ಬಾಗಿದ ಕ್ಲಚ್ ಲಿವರ್ ಅಂಗಡಿಯಲ್ಲಿ ಸಿಗುತ್ತವೆ. ಮಂಡಿ ಸಿಗುವುದಿಲ್ಲ.

ಬಿದ್ದ ಮೇಲೆ ಆಗುವ ಅನಾಹುತ ಇನ್ನೊಂದು. ನಾಚಿಕೆಯಿಂದ ಗಡಿಬಿಡಿಯಲ್ಲಿ ಬಗ್ಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಮೊದಲು ಎಂಜಿನ್ ಬಂದ್ ಮಾಡಿ. ಪೆಟ್ರೋಲ್ ಸೋರುತ್ತಿದ್ದರೆ ಬೀಡಿ ಸಿಗರೇಟಿನವರನ್ನು ದೂರ ಕಳಿಸಿ. ಬೈಕು ಉರುಳದಂತೆ ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಿ. ಇಲ್ಲವಾದರೆ ಎತ್ತಿದ ಬೈಕು ಆಚೆಗೆ ಬಿದ್ದೀತು. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತು, ಸೊಂಟದ ಕೆಳಭಾಗವನ್ನು ಸೀಟಿಗೆ ಆನಿಸಿ. ಒಂದು ಕೈ ಕೆಳಗಿನ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕಬ್ಬಿಣದ ಹಿಡಿಗೆ. ಬೆನ್ನು ನೆಟ್ಟಗಿಟ್ಟು, ತೊಡೆಯ ಬಲದಿಂದ ಪುಟ್ಟ ಹೆಜ್ಜೆ ಹಾಕುತ್ತಾ ಹಿಂದಕ್ಕೆ ನಡೆಯಿರಿ. ತೆಳ್ಳಗಿನವರೂ ಈ ಉಪಾಯದಿಂದ ದೊಡ್ಡ ಬೈಕನ್ನು ಎತ್ತಬಲ್ಲರು.

ಎತ್ತಿದೊಡನೆ ಹೊರಡುವ ಆತುರ ಬೇಡ. ಬ್ರೇಕು, ಕ್ಲಚ್ಚು, ಹ್ಯಾಂಡಲ್ ಸರಿಯಿವೆಯೇ ನೋಡಿ. ವಾಲಿದಾಗ ತಾನೇ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುವ ಹೊಸ ಬೈಕುಗಳಲ್ಲಿ ಕೀಲಿಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಬೇಕಾದೀತು.

ಸೊಂಟನೋವಿದ್ದವರು, ವಯಸ್ಸಾದವರು ಒಬ್ಬರೇ ಎತ್ತುವ ಸಾಹಸಕ್ಕೆ ಇಳಿಯದಿರುವುದು ಒಳ್ಳೆಯದು. ‘ಅಣ್ಣಾ, ಸ್ವಲ್ಪ ಕೈ ಹಾಕಿ’ ಎಂದರೆ ನಮ್ಮ ರಸ್ತೆಗಳಲ್ಲಿ ಇಬ್ಬರಾದರೂ ಓಡಿಬರುತ್ತಾರೆ. ನಕ್ಕವರೇ ಮೊದಲು ಬಂದರೂ ಆಶ್ಚರ್ಯವಿಲ್ಲ.