ಕೃತ್ತಿಕೆಯ ಬಿಸಿಲು, ಸ್ವಾತಿಯ ಮಳೆ, ನಡುವೆ ರೋಲರ್ ಕೋಸ್ಟರ್

ಮಕ್ಕಳನ್ನು ಚೆನ್ನೈನ ಥೀಮ್ ಪಾರ್ಕಿಗೆ ಕರೆದೊಯ್ಯಬೇಕೆಂದರೆ ನಮ್ಮವರ ಕಣ್ಣಿಗೆ ಬೀಳುವುದು ಎರಡೇ ಅವಕಾಶ: ಬೇಸಿಗೆ ರಜೆ, ಇಲ್ಲವೇ ದಸರಾ ರಜೆ. ಎರಡೂ ಸಲ್ಲದ ಹೊತ್ತು. ನಮ್ಮ ಶಾಲೆಗಳ ರಜೆ ನಮ್ಮ ಮಳೆ-ಬಿಸಿಲಿಗೆ ಹೊಂದಿಕೊಂಡು ಬಂದದ್ದು. ಘಟ್ಟ ಇಳಿದು ಕರಾವಳಿ ಮುಟ್ಟಿದರೆ ಆ ಲೆಕ್ಕ ನಡೆಯುವುದಿಲ್ಲ.

ಮೇ ತಿಂಗಳನ್ನೇ ನೋಡಿ. ನಮ್ಮ ರೈತರ ಬಾಯಲ್ಲಿ ಅದು ಕೃತ್ತಿಕಾ ಮಳೆಯ ಕಾಲ. ಬೆಂಗಳೂರಿನಲ್ಲಿ ಸಂಜೆ ಗುಡುಗಿ, ಒಮ್ಮೊಮ್ಮೆ ಆಲಿಕಲ್ಲೂ ಉದುರಿ, ರಾತ್ರಿಗೆ ಹೊದಿಕೆ ಬೇಕೆನಿಸುತ್ತದೆ. ಸೂರ್ಯ ಅದೇ ನಕ್ಷತ್ರದ ಆಸುಪಾಸಿನಲ್ಲಿರುವಾಗ ಚೆನ್ನೈನವರ ಪಾಲಿಗೆ ಅಗ್ನಿ ನಕ್ಷತ್ರ. ಆಡುಮಾತಿನಲ್ಲಿ 'ಕತ್ತರಿ ವೆಯಿಲ್'. ಮೇ 4ರ ಹೊತ್ತಿಗೆ ಶುರುವಾಗಿ ತಿಂಗಳ ಕೊನೆಯವರೆಗೆ ಸುಡುತ್ತದೆ. ಕತ್ತರಿ ಮುಗಿದರೆ ಬಿಸಿಲು ಮುಗಿಯಿತೆಂದೂ ಅಲ್ಲ: 2003ರಲ್ಲಿ ನಗರ 45 ಡಿಗ್ರಿ ಕಂಡದ್ದು ಮೇ 31ರಂದು. ಮಧ್ಯಾಹ್ನ ಸಮುದ್ರದ ಗಾಳಿ ಒಳಬಂದರೆ ಪುಣ್ಯ. ಪಡುವಣ ಗಾಳಿ ಬಲವಾಗಿದ್ದು ಅದನ್ನು ತಡೆದರೆ ಆ ದಿನ ನಲವತ್ತು ದಾಟಿತೆಂದೇ ಅರ್ಥ.

'ನೀರಾಟ ಇದೆಯಲ್ಲ, ಬಿಸಿಲಾದರೇನು' ಎನ್ನುವವರಿದ್ದಾರೆ. ನೀರಿನಲ್ಲಿ ಕಳೆಯುವುದು ಕೆಲವೇ ನಿಮಿಷ, ಉಳಿದದ್ದೆಲ್ಲ ಸರದಿ. ಒಂದು ಸುತ್ತಿಗೆ 20 ಜನ, ಸುತ್ತಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳಿ. ಗಂಟೆಗೆ 400 ಮಂದಿ. ನಿಮ್ಮ ಮುಂದೆ ಅಷ್ಟೇ ಜನ ನಿಂತಿದ್ದರೆ ಒಂದು ಜಾರುಬಂಡೆಗೆ ಒಂದು ಗಂಟೆ, ಅದೂ ಕಬ್ಬಿಣದ ಮೆಟ್ಟಿಲ ಮೇಲೆ. ಅಲೆಯ ಕೊಳದಿಂದ ಎದ್ದುಬಂದ ಅಪ್ಪಂದಿರು ಒದ್ದೆ ನೈಲಾನ್ ಚಡ್ಡಿಯಲ್ಲಿ ಕಾದ ಟೈಲ್ಸ್ ಮೇಲೆ ಹಿಮ್ಮಡಿ ಊರದೆ, ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಕುಣಿದುಕೊಂಡು ಓಡುವುದನ್ನು ನೋಡಬೇಕು. ಟಿಕೆಟ್ ಇಲ್ಲದ ಆಟ ಅದೊಂದೇ. ಮೇ ತಿಂಗಳಲ್ಲೇ ಹೋಗಬೇಕಾಗಿ ಬಂದರೆ ಈಸ್ಟ್ ಕೋಸ್ಟ್ ರಸ್ತೆಯ ವಿಜಿಪಿ ಸ್ನೋ ಕಿಂಗ್‌ಡಮ್, ಮರೀನ್ ಕಿಂಗ್‌ಡಮ್‌ನಂಥ ಸೂರಿನಡಿಯ ಜಾಗಗಳೇ ವಾಸಿ.

ದಸರಾದ ಕಥೆ ಇನ್ನೊಂದು. ಹಸ್ತ, ಚಿತ್ತ, ಸ್ವಾತಿ ಎನ್ನುವಷ್ಟರಲ್ಲಿ ನಮ್ಮಲ್ಲಿ ಮಳೆಯ ಬಾಲ ಬಂದಿರುತ್ತದೆ. ಚೆನ್ನೈನಲ್ಲಿ ಸ್ವಾತಿಗೆ ತಲೆ ಕಾಣಿಸುತ್ತದೆ. ವರ್ಷಕ್ಕೆ ಅಲ್ಲಿ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರಿನ ಪಾಲು. ನವೆಂಬರಿನಲ್ಲಂತೂ ಹೇಳತೀರದು. ಡಿಸೆಂಬರ್ ಆರಂಭವನ್ನೂ ನಂಬುವಂತಿಲ್ಲ: 2015ರ ಮಹಾಪೂರ, 2016ರ ವರ್ದಾ ಚಂಡಮಾರುತ, 2023ರ ಮಿಚಾಂಗ್ ಚಂಡಮಾರುತ, ಮೂರೂ ಡಿಸೆಂಬರಿನ ಮೊದಲ ಎರಡು ವಾರಗಳಲ್ಲೇ ಬಂದವು. ಹನಿ ಮಳೆಗೆ ಮಕ್ಕಳು ಅಂಜುವುದಿಲ್ಲ, ನಿಜ. ಆದರೆ ಮಿಂಚು, ಜೋರುಗಾಳಿ ಇದ್ದರೆ ಎತ್ತರದ ಆಟಗಳನ್ನು ನಿಲ್ಲಿಸಲೇಬೇಕು. ಆಮೇಲೆ ಉಳಿಯುವುದು ಕ್ಯಾಂಟೀನಿನ ಆಲೂಗಡ್ಡೆ ಚಿಪ್ಸ್.

ಈ ಲೆಕ್ಕಾಚಾರ ಈಗ ಹೆಚ್ಚು ಬೇಕಾಗಿದೆ. ಬಿಡದಿಯಲ್ಲಿ 2005ರಿಂದ ನಮಗೆ ಪರಿಚಯವಿರುವ ವಂಡರ್‌ಲಾ, 2025ರ ಡಿಸೆಂಬರಿನಲ್ಲಿ ಚೆನ್ನೈನ ತಿರುಪ್ಪೋರೂರು ಬಳಿ ಬಾಗಿಲು ತೆರೆಯಿತು. ಸ್ವಿಟ್ಜರ್‌ಲೆಂಡಿನ ಬೊಲಿಗರ್ ಅಂಡ್ ಮಾಬಿಲಾರ್ಡ್ ಕಂಪನಿಯ, ಹಳಿಯ ಕೆಳಗೆ ನೇತಾಡುತ್ತಾ ಸಾಗುವ ಕೋಸ್ಟರ್ 'ತಂಜೋರಾ' ಅಲ್ಲಿನ ಆಕರ್ಷಣೆ. ಅದಕ್ಕೂ ಮುಂಚೆ ಚೆನ್ನೈಗೆ ಪಾರ್ಕುಗಳ ಬರವೇನಿರಲಿಲ್ಲ. ಪೂನಮಲ್ಲಿ ಆಚೆ ಕ್ವೀನ್ಸ್‌ಲ್ಯಾಂಡ್, ಮುಟ್ಟುಕಾಡಿನಲ್ಲಿ ಎಂಜಿಎಂ, ಎಷ್ಟು ಕಿಚಾಯಿಸಿದರೂ ನಗದ 'ಶಿಲೆ ಮನುಷ್ಯ'ನಿಂದ ಹೆಸರಾದ ವಿಜಿಪಿ. ತಾಂಬರಂ ಕಡೆ 'ಮೈ ಡಿಯರ್ ಕುಟ್ಟಿಚಾತನ್' ಸಿನಿಮಾದ ನಿರ್ಮಾಪಕ ನವೋದಯ ಅಪ್ಪಚ್ಚನ್ 1990ರ ದಶಕದಲ್ಲಿ ಕಟ್ಟಿದ ಪಾರ್ಕಿನ ಹೆಸರು ಕಿಷ್ಕಿಂತಾ. ರಾಮಾಯಣದ ಕಿಷ್ಕಿಂಧೆ ತಮ್ಮದೆನ್ನುವ ಆನೆಗೊಂದಿಯ ಕಡೆಯವರು ತಕರಾರು ತೆಗೆಯಬಹುದಿತ್ತು, ತೆಗೆಯಲಿಲ್ಲ.

ಹಾಗಾದರೆ ಹೋಗುವುದು ಯಾವಾಗ? ಜನವರಿ ಮೂರನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಎನ್ನುತ್ತೇನೆ. ಮಳೆ ಹಿಂದೆ ಸರಿದಿರುತ್ತದೆ, ಹಗಲಿನ ಬಿಸಿಲು ಮೂವತ್ತರ ಆಸುಪಾಸು, ಆದರೂ ನೀರಿಗಿಳಿದರೆ ನಡುಕವಿಲ್ಲ. ಪೊಂಗಲ್ ಮಾತ್ರ ದಾಟಲಿ. ಹಬ್ಬದ ಕೊನೆಯ ದಿನವಾದ ಕಾಣುಂ ಪೊಂಗಲ್‌ಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಬೀಳುವುದು ಅಲ್ಲಿನ ವಾಡಿಕೆ. ಮರೀನಾ, ವಂಡಲೂರು ಮೃಗಾಲಯ, ಮಹಾಬಲಿಪುರದ ದಾರಿ ಎಲ್ಲವೂ ತುಂಬಿ ತುಳುಕುತ್ತವೆ. ಜನವರಿ 26ರ ಆಚೀಚೆಯೂ ಬೇಡ. ಶಾಲಾ ಪ್ರವಾಸದ ಬಸ್ಸುಗಳ ಕಾಟ ಇದ್ದದ್ದೇ. ದೂರದೂರಿನ ಮಕ್ಕಳನ್ನು ಸಂಜೆಗೆ ಮುಂಚೆ ಹೊರಡಿಸುತ್ತಾರಾದ್ದರಿಂದ ದೊಡ್ಡ ಕೋಸ್ಟರನ್ನು ಕೊನೆಯ ಗಂಟೆಗಿಟ್ಟುಕೊಳ್ಳಿ. ಶಾಲೆಗೆ ಎರಡು ದಿನ ಚಕ್ಕರ್ ಹೊಡೆಸಬೇಕಾಗುತ್ತದೆ, ಮೇಷ್ಟ್ರುಗಳು ಕ್ಷಮಿಸಲಿ. ಶುಕ್ರವಾರ ರಾತ್ರಿ ರೈಲು ಹತ್ತಿ ಶನಿವಾರದ ಜಾತ್ರೆಗೆ ಬೀಳುವುದಕ್ಕಿಂತ ಮಂಗಳವಾರವೋ ಬುಧವಾರವೋ ಸಿಕ್ಕರೆ ಆಟ ದುಪ್ಪಟ್ಟು, ಎಷ್ಟೋ ಕಡೆ ಟಿಕೆಟ್ ದರವೂ ಕಡಿಮೆ.

ಇನ್ನೂ ಶಾಲೆಗೆ ಸೇರದ ಮಕ್ಕಳಿದ್ದರೆ ಮಾರ್ಚ್ ಮೊದಲ ಪಕ್ಷ ಹೇಳಿಮಾಡಿಸಿದ್ದು. ಸೆಕೆ ಏರುತ್ತಿರುತ್ತದೆ, ಆದರೆ ಎರಡೂ ರಾಜ್ಯಗಳಲ್ಲಿ ಪರೀಕ್ಷೆಯ ಕಾವು. ಜಾರುಬಂಡೆಗಳು ಖಾಲಿ ಹೊಡೆಯುತ್ತವೆ.

ವರ್ಷದ ಆರಂಭ ತಪ್ಪಿತೆಂದರೆ ಜುಲೈ ಕೊನೆ, ಆಗಸ್ಟ್ ಆರಂಭ. ಬೆಂಗಳೂರಿನಲ್ಲಿ ಜಿಟಿಜಿಟಿ ಹಿಡಿದಿರುವಾಗ ಅಲ್ಲಿ ಹಗಲೆಲ್ಲ ಬಿಸಿಲು. ಗುಡುಗು ಮಳೆ ಬಂದರೂ ಬಹುತೇಕ ಸಂಜೆಗೆ, ಹಾಗಾಗಿ ದೊಡ್ಡ ಆಟಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಅದು ತಮಿಳರ ಆಡಿ ಮಾಸ, ಟಿ. ನಗರದ ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಭರಾಟೆ. ಪಾರ್ಕಿಗೆ ಮೊದಲ ದಿನವೇ ಹೋಗಿಬಿಡಿ, ಟಿ. ನಗರಕ್ಕೆ ಮೊದಲು ಕಾಲಿಟ್ಟರೆ ಟಿಕೆಟ್‌ಗೆಂದು ಎತ್ತಿಟ್ಟ ದುಡ್ಡು ಸೀರೆಯಾಗಿರುತ್ತದೆ.