ನಿಮಗಿದು ಗೊತ್ತೆ? ಮೀನೆಣ್ಣೆ ಮತ್ತು ರಕ್ತನಾಳ
ಮೆಡಿಕಲ್ ಶಾಪಿನಲ್ಲಿ 1000 ಮಿ.ಗ್ರಾಂ. ಮೀನೆಣ್ಣೆ ಕ್ಯಾಪ್ಸೂಲ್ ಕೊಂಡರೆ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ. ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ. ಎಂದಿರುತ್ತದೆ. ಮುಖ್ಯ ಒಮೆಗಾ-3 ಕೊಬ್ಬಿನಾಮ್ಲಗಳಾದ ಇವೆರಡೂ ಸೇರಿ ಅಷ್ಟೇ! ಇವು ರಕ್ತನಾಳದ ಒಳಪದರದ ಜೀವಕೋಶಗಳಲ್ಲಿ ಸೇರಿಕೊಂಡು, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಗೆ ನೆರವಾಗುತ್ತವೆ. ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನೂ ಇಳಿಸುತ್ತವೆ.

ಹೃದಯಾಘಾತ ತಪ್ಪುತ್ತದೆಯೇ? ಅಲ್ಲೇ ತಕರಾರು. 2018ರ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದವರಿಗೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಶೇ 25ರಷ್ಟು ತಗ್ಗಿದವು. 2020ರ ‘ಸ್ಟ್ರೆಂತ್’ನಲ್ಲಿ ಇಪಿಎ-ಡಿಎಚ್‌ಎ ಮಿಶ್ರಣದಿಂದ ಲಾಭವೇ ಕಾಣಲಿಲ್ಲ. ಎರಡರಲ್ಲೂ ಹೃದಯಬಡಿತ ತಾಳ ತಪ್ಪುವುದು ಹೆಚ್ಚಿತು. ಹಾಗಾಗಿ ವೈದ್ಯರನ್ನು ಕೇಳದೆ ನುಂಗಬೇಡಿ.

ಕ್ಯಾಪ್ಸೂಲ್ ಬದಲು ಮೀನನ್ನೇ ತಿನ್ನಬಹುದು: ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳಲ್ಲಿ ಒಮೆಗಾ-3 ಧಾರಾಳ. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿದರೆ ಲೇಸು.