ಹೆಸರಿಟ್ಟು ಸಾಕಿದ ಹಂದಿ

ಮುಂಬೈ ಬದಿಯ ಕಳವಾ, ಠಾಣೆ, ಡೊಂಬಿವಲಿಯ ಕಡೆ ಹೋಟೆಲು, ಕ್ಯಾಂಟೀನು, ಬ್ಯಾಂಕು ಅಂತ ಬಂದು ನೆಲೆನಿಂತ ಕರಾವಳಿಯವರ ಮನೆಗಳಲ್ಲಿ ದೇವರ ಮೂಲೆಯೊಂದು ಇದ್ದೇ ಇರುತ್ತದೆ. ಕಟೀಲಿನ ಅಮ್ಮ, ಧರ್ಮಸ್ಥಳದ ಮಂಜುನಾಥ, ಮಹಾರಾಷ್ಟ್ರದ ಋಣಕ್ಕೆ ಶಿರ್ಡಿಯ ಬಾಬಾ. ಇವರಿಗೆಲ್ಲ ದೀಪ ಹಚ್ಚಿದ ಮೇಲೆ ಹಿರಿಯರು ಊರಿನ ದಿಕ್ಕಿಗೆ ತಿರುಗಿ ಇನ್ನೊಮ್ಮೆ ಕೈ ಮುಗಿಯುತ್ತಾರೆ. ಅದು ಕುಟುಂಬದ ದೈವಕ್ಕೆ. ಎಷ್ಟೋ ಮನೆತನಗಳಿಗೆ ಆ ದೈವ ಪಂಜುರ್ಲಿ, ಹಂದಿಯ ಮೊಗದ ದೈವ.

2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ನೆರೆಮನೆಯ ಮರಾಠಿಯವರ ಬಾಯಲ್ಲೂ ಪಂಜುರ್ಲಿಯ ಹೆಸರು ಬಂತು. ಜನ ಕಂಡದ್ದು ದೈವದ ಆವೇಶ, ಮೈ ಜುಮ್ಮೆನಿಸುವ ಆ ಕೂಗು. ಹುಟ್ಟಿನ ಕತೆ ಅಷ್ಟು ಅಬ್ಬರದ್ದಲ್ಲ. ದೈವದ ಕತೆ ಹಾಡುವ ಪಾಡ್ದನಗಳಲ್ಲಿ ಊರಿಗೊಂದು ಪಾಠವಿದೆ. ಹೆಚ್ಚು ಕೇಳಿಬರುವುದು ಇದು. ತಬ್ಬಲಿಯಾದ ಹಂದಿಮರಿಯೊಂದನ್ನು ಪಾರ್ವತಿ ಕೈಲಾಸದಲ್ಲಿ ಮಗನ ಹಾಗೆ ಸಾಕುತ್ತಾಳೆ. ಮರಿ ಬೆಳೆಯುತ್ತದೆ, ಕೋರೆ ಮೂಡುತ್ತದೆ, ಅದರ ಬಾಧೆ ತಾಳಲಾರದೆ ಈಶ್ವರನ ತೋಟವನ್ನೆಲ್ಲ ಅಗೆದು ಹಾಕುತ್ತದೆ. ಈಶ್ವರ ಕೊಲ್ಲಲು ಹೊರಡುತ್ತಾನೆ, ಪಾರ್ವತಿ ಅಡ್ಡ ಬರುತ್ತಾಳೆ. ಕೊನೆಗೊಂದು ರಾಜಿಯಾಗುತ್ತದೆ. ಹಂದಿಯ ಜೀವ ಉಳಿಯುತ್ತದೆ, ಮನೆ ತಪ್ಪುತ್ತದೆ. ಭೂಮಿಗೆ ಇಳಿದು ಜನರನ್ನೂ ಬೆಳೆಯನ್ನೂ ಕಾಯಬೇಕು ಎಂದು ಅಪ್ಪಣೆಯಾಗುತ್ತದೆ. ಬೆಳೆ ತಿನ್ನುವವನಿಗೇ ಬೆಳೆ ಕಾಯುವ ಕೆಲಸ! ತುಳುವಿನಲ್ಲಿ ‘ಪಂಜಿ’ ಅಂದರೆ ಹಂದಿ, ‘ಕುರ್ಲೆ’ ಅಂದರೆ ಮರಿ. ಎರಡೂ ಕೂಡಿ ಪಂಜುರ್ಲಿ ಆಯಿತು ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ಅಣ್ಣಪ್ಪ ಪಂಜುರ್ಲಿ, ಕುಪ್ಪೆ ಪಂಜುರ್ಲಿ, ಮಲಾರ ಪಂಜುರ್ಲಿ ಎಂದು ಊರೂರಿಗೆ ಹೆಸರು ಬೇರೆಯಾದರೂ ಮೂಲದಲ್ಲಿ ಇರುವುದು ತಾಯಿಯಿಂದ ದೂರವಾದ ಒಂದು ಸಾಕುಮರಿ.

ಹಂದಿ ಸಾಕಿದವರು ಈ ಕತೆ ಕೇಳಿದರೆ ತಮ್ಮ ಮನೆಯದೇ ಅನ್ನಬಹುದು. ಮರಿ ಮುದ್ದು, ಬೆಳೆದ ಹಂದಿಗೆ ತೋಟ ಸಾಲದು.

ಕೆನಡಾದ ಒಂಟೇರಿಯೊ ಪ್ರಾಂತದ ಜಾರ್ಜ್‌ಟೌನಿನಲ್ಲಿ 2012ರಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಸ್ಟೀವ್ ಜೆಂಕಿನ್ಸ್ ಎಂಬವರಿಗೆ ಹಳೆಯ ಪರಿಚಯದವರೊಬ್ಬರು ಫೇಸ್‌ಬುಕ್ಕಿನಲ್ಲಿ ಸಂದೇಶ ಕಳಿಸಿದರು: ಒಂದು ‘ಮೈಕ್ರೊ’ ಹಂದಿಮರಿ ಇದೆ, ದೊಡ್ಡದಾಗುವ ಜಾತಿಯಲ್ಲ, ಬೇಕಾ? ಜೆಂಕಿನ್ಸ್ ಜತೆಗಾರ ಡೆರೆಕ್ ವಾಲ್ಟರ್ ಅವರನ್ನು ಒಂದು ಮಾತೂ ಕೇಳದೆ ಮರಿಯನ್ನು ಮನೆಗೆ ತಂದರು. ಗೊರಸಿಗೆ ಯಾರೋ ಬಣ್ಣ ಹಚ್ಚಿದ್ದರು. ಅಂಗೈಯಗಲದ ಆ ಮರಿಗೆ ಎಸ್ತರ್ ಎಂದು ಹೆಸರಿಟ್ಟರು. ಪಶುವೈದ್ಯರಿಗೆ ತೋರಿಸಿದಾಗ ಅವರ ಕಣ್ಣು ಮೊದಲು ಹೋದದ್ದು ಬಾಲಕ್ಕೆ. ಬಾಲ ತುಂಡಾಗಿತ್ತು. ಮಾಂಸಕ್ಕೆಂದು ದೊಡ್ಡ ಫಾರಮ್ಮುಗಳಲ್ಲಿ ಬೆಳೆಸುವ ಮರಿಗಳಿಗೆ, ಒಂದರ ಬಾಲ ಇನ್ನೊಂದು ಕಚ್ಚದಿರಲಿ ಎಂದು, ಹೀಗೆ ಬಾಲ ಕತ್ತರಿಸುವ ವಾಡಿಕೆ. ಅಂದರೆ ಇದು ಮೈಕ್ರೊ ಅಲ್ಲ, ಮಿನಿಯೂ ಅಲ್ಲ. ಕೆಲವೇ ವರ್ಷಗಳಲ್ಲಿ ಎಸ್ತರಿನ ತೂಕ ಸುಮಾರು 295 ಕಿಲೊ ಮುಟ್ಟಿತು. ಒಂದೂವರೆ ಬುಲೆಟ್ ಬೈಕಿನ ತೂಕ ಸೋಫಾದ ಮೇಲೆ ಮಲಗಿ ಗೊರಕೆ ಹೊಡೆಯುವುದನ್ನು ಊಹಿಸಿಕೊಳ್ಳಿ.

ಅವರಿಬ್ಬರೂ ಆ ಪ್ರಾಣಿಯನ್ನು ‘ಅದು’ ಅನ್ನಲಿಲ್ಲ, ‘ಅವಳು’ ಅಂದರು. ಇಲ್ಲಿಯೂ ಹಾಗೇ ಬರೆಯುವುದು ಮರ್ಯಾದೆ. ಎಸ್ತರ್ ನಾಯಿಗಳ ಜತೆ ಬೆಳೆದಳು, ಹೊರಗೆ ಹೋಗಿ ಬಹಿರ್ದೆಸೆ ಮುಗಿಸಿ ಬರುವುದನ್ನು ಕಲಿತಳು. ಬಾಗಿಲು ತೆರೆಯುವುದನ್ನು ಯಾರೂ ಕಲಿಸದೆಯೇ ಕಲಿತಳು. ಸಾಕಿದವರು ಮಾಂಸ ಬಿಟ್ಟರು. 2014ರಲ್ಲಿ ಜನರಿಂದ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿಸಿ ಕ್ಯಾಂಪ್‌ಬೆಲ್‌ವಿಲ್ಲಿನಲ್ಲಿ ಜಮೀನು ಕೊಂಡರು. ಹೀಗೆ ಒಂದು ಹಂದಿಗಾಗಿ ಮನೆ ಬದಲಾಯಿತು, ಊರು ಬದಲಾಯಿತು, ಊಟವೂ ಬದಲಾಯಿತು. 2018ರಲ್ಲಿ ಎಸ್ತರ್ ಕಾಯಿಲೆ ಬಿದ್ದಾಗ ಅಷ್ಟು ದೊಡ್ಡ ಮೈ ಹಿಡಿಸುವ ಸಿಟಿ ಸ್ಕ್ಯಾನರ್ ಸಿಗಲಿಲ್ಲ. ಮತ್ತೆ ಹಣ ಕೂಡಿಸಿ ಗ್ವೆಲ್ಫ್‌ನ ಪಶುವೈದ್ಯ ಕಾಲೇಜಿಗೇ ಅಂಥದ್ದೊಂದು ಯಂತ್ರ ಬರುವಂತೆ ಮಾಡಿದರು. ಸ್ತನದ ಕ್ಯಾನ್ಸರ್ ಎಂದು ಗೊತ್ತಾಗಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೂ ಐದು ವರ್ಷ ಬದುಕಿದ್ದು 2023ರ ಅಕ್ಟೋಬರಿನಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಎಸ್ತರ್ ತೀರಿಕೊಂಡಳು. ಅವಳ ಮುಖ ನೇರ ಕಾಣದ ಸಾವಿರಾರು ಜನ ಅತ್ತರು.

ಹೀಗೆ ಅಳಿಸಿ ಹೋದ ಹಂದಿ ಅವಳೊಬ್ಬಳೇ ಅಲ್ಲ. ಹಾಲಿವುಡ್ ನಟ ಜಾರ್ಜ್ ಕ್ಲೂನಿಯ ಮನೆಯಲ್ಲಿ ಮ್ಯಾಕ್ಸ್ ಎಂಬ ಹಂದಿ 18 ವರ್ಷ ಬಾಳಿ 2006ರ ಡಿಸೆಂಬರಿನಲ್ಲಿ ಸತ್ತಿತು. ಚೀನಾದಲ್ಲಿ 2008ರ ಮೇ 12ರ ಸಿಚುವಾನ್ ಭೂಕಂಪದಲ್ಲಿ ಅವಶೇಷಗಳ ಅಡಿ ಸಿಕ್ಕಿಕೊಂಡ ಹಂದಿಯೊಂದು 36 ದಿನ ಕಳೆದು ಜೀವಂತ ಹೊರಬಂತು. ವಸ್ತುಸಂಗ್ರಹಾಲಯವೊಂದು ಅದನ್ನು ಕೊಂಡು, ‘ಗಟ್ಟಿ ಮನಸ್ಸಿನ ಹಂದಿ’ ಎಂಬರ್ಥದ ಹೆಸರಿಟ್ಟು, ಕಟುಕನ ಕೈಗೆ ಸಿಗದಂತೆ ಸಾಕಿತು. 2021ರ ಜೂನಿನಲ್ಲಿ ಅದು ವಯಸ್ಸಾಗಿ ಸತ್ತಾಗ ದೇಶವೇ ಸುದ್ದಿ ಮಾಡಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1998ರಲ್ಲಿ ಲುಲು ಎಂಬ ಹಂದಿ, ಒಡತಿಗೆ ಹೃದಯಾಘಾತವಾದಾಗ, ನಾಯಿಗೆಂದು ಬಾಗಿಲಲ್ಲಿ ಬಿಟ್ಟ ಕಿಂಡಿಯಲ್ಲಿ ಹೊಟ್ಟೆ ಗೀರಿಸಿಕೊಂಡು ನುಸುಳಿ ರಸ್ತೆಗೆ ಹೋಯಿತು. ಕಾರುಗಳ ಮುಂದೆ ಅಡ್ಡ ಮಲಗಿತು. ಒಬ್ಬಾತ ಇಳಿದು ಅದರ ಹಿಂದೆ ನಡೆದ. ಒಡತಿ ಉಳಿದಳು. ಸತ್ತಂತೆ ಬೀಳುವ ಆಟವನ್ನು ಲುಲು ಮೊದಲೇ ಕಲಿತಿತ್ತಂತೆ.

ಹಂದಿ ಕಲಿಯುತ್ತದೆ ಎಂಬುದು ಹೊಸ ಸಂಗತಿಯಲ್ಲ. 1780ರ ದಶಕದಲ್ಲಿ ಸ್ಯಾಮ್ಯುಯೆಲ್ ಬಿಸೆಟ್ ಎಂಬ ಸ್ಕಾಟ್ಲೆಂಡಿನವನು ಅಕ್ಷರದ ಚೀಟಿಗಳನ್ನು ಬಾಯಲ್ಲಿ ಎತ್ತಿ ಪದ ಜೋಡಿಸುವ ಹಂದಿಯನ್ನು ತಯಾರು ಮಾಡಿದ. ಅದು ಲಂಡನ್ ತಲಪುವ ಮೊದಲೇ ಬಿಸೆಟ್ ಸತ್ತ. ಹಂದಿ ಮಾತ್ರ ಇನ್ನೊಬ್ಬನ ಕೈಯಲ್ಲಿ ಜನರನ್ನು ಸೇರಿಸಿತು. ನಿಘಂಟಿನ ಡಾಕ್ಟರ್ ಜಾನ್ಸನ್ ಅದರ ಸುದ್ದಿ ಕೇಳಿ, ಹಂದಿಯ ಮೇಲೆ ನಾವು ಸುಳ್ಳು ಅಪವಾದ ಹೊರಿಸಿದ್ದೇವೆ, ಓದಿಸಲು ಸಮಯವನ್ನೇ ಕೊಡದೆ ವರ್ಷಕ್ಕೇ ಕೊಯ್ಯುತ್ತೇವೆ ಎಂಬರ್ಥದ ಮಾತಾಡಿದ್ದು ದಾಖಲಾಗಿದೆ. ಈಗ ವರ್ಷವೂ ಇಲ್ಲ. ಹದಿನೈದು ಇಪ್ಪತ್ತು ವರ್ಷ ಬಾಳಬಲ್ಲ ಪ್ರಾಣಿಗೆ ಫಾರಮ್ಮಿನಲ್ಲಿ ಸಿಗುವುದು ಆರು ತಿಂಗಳ ಆಸುಪಾಸು.

ಕಲಿಸುವ ಗುಟ್ಟನ್ನು ವಿಲಿಯಂ ಪಿಂಚ್‌ಬೆಕ್ ಎಂಬ ಆಟಗಾರ 1805ರಲ್ಲಿ ಬಾಸ್ಟನ್ನಿನಿಂದ ಅಚ್ಚು ಹಾಕಿಸಿದ. ಏಳೆಂಟು ವಾರದ ಮರಿ ತಂದು ಮೊದಲು ಮನೆಯೊಳಗೆ ಓಡಾಡಲು ಬಿಡಬೇಕು, ಮನುಷ್ಯರ ಭಯ ಹೋಗಬೇಕು. ಆಮೇಲೆ ಚೀಟಿಯನ್ನು ಬಾಯಲ್ಲಿ ಹಿಡಿಸುವುದು, ಬಿಡಿಸುವುದು, ತಿಂಡಿಯ ಚೂರು ಕೊಡುವುದು. ಅದು ರೂಢಿಯಾದರೆ ನೆಲದ ಮೇಲೆ ಒಂದು ಚೀಟಿ, ಆಮೇಲೆ ಎರಡು, ಆಮೇಲೆ ಸಾಲು. ಹಂದಿ ನಡೆಯುತ್ತ ಸರಿಯಾದ ಚೀಟಿಯ ಹತ್ತಿರ ಬಂದಾಗ ಆಟಗಾರ ಮೂಗಿನಲ್ಲಿ ಸಣ್ಣಗೆ ಉಸಿರು ಎಳೆಯುತ್ತಾನೆ. ಎದುರಿಗೆ ಕೂತವರಿಗೆ ಕೇಳಿಸದ್ದು ಹಂದಿಗೆ ಕೇಳಿಸುತ್ತದೆ. ಅಕ್ಷರ ಓದುವ ಹಂದಿ ಎಂದು ಜನ ಕಾಸು ಕೊಟ್ಟರು. ಅದು ಓದುತ್ತಿದ್ದದ್ದು ಯಜಮಾನನ ಉಸಿರನ್ನು. ಅಕ್ಷರಕ್ಕಿಂತ ಅದೇನು ಕಮ್ಮಿ ವಿದ್ಯೆಯೇ?

ವಿಜ್ಞಾನಿಗಳು ಆಮೇಲೆ ಬಂದರು. 2009ರಲ್ಲಿ ಕೇಂಬ್ರಿಜ್‌ನಲ್ಲಿ ಡೊನಾಲ್ಡ್ ಬ್ರೂಮ್ ಮತ್ತು ಸಂಗಡಿಗರು ಹಂದಿಗಳಿಗೆ ಐದು ತಾಸು ಕನ್ನಡಿಯ ಪರಿಚಯ ಮಾಡಿಸಿ, ನಂತರ ತಡಿಕೆಯ ಹಿಂದೆ ಬಟ್ಟಲಿಟ್ಟು ಅದು ಕನ್ನಡಿಯಲ್ಲಷ್ಟೇ ಕಾಣುವಂತೆ ಮಾಡಿದರು. ಎಂಟರಲ್ಲಿ ಏಳು ಹಂದಿಗಳು ಕನ್ನಡಿಗೆ ಮೂತಿ ತಿವಿಯದೆ ಸುತ್ತಿ ಹೋಗಿ ಬಟ್ಟಲು ಹುಡುಕಿದವು. ಅಮೆರಿಕದಲ್ಲಿ ನಾಲ್ಕು ಹಂದಿಗಳಿಗೆ ಮೂತಿಯಿಂದ ಜಾಯ್‌ಸ್ಟಿಕ್ ಅಲ್ಲಾಡಿಸಿ ಪರದೆಯ ಮೇಲಿನ ಚುಕ್ಕೆಯನ್ನು ಗುರಿಗೆ ಮುಟ್ಟಿಸಲು ಕಲಿಸಿದರು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತಿಂಡಿ ಬೀಳುವ ಯಂತ್ರ ಕೆಟ್ಟಾಗಲೂ ಸಾಕಿದವರ ಒಂದು ಮೆಚ್ಚುಮಾತಿಗೆ ಅವು ಆಟ ಮುಂದುವರಿಸಿದವಂತೆ. ಆ ನಾಲ್ಕರಲ್ಲಿ ಎರಡರ ಹೆಸರು ಹ್ಯಾಮ್ಲೆಟ್ ಮತ್ತು ಆಮ್ಲೆಟ್. ಹೆಸರಿಡುವಾಗಲೂ ತಿಂಡಿಯ ತಟ್ಟೆ ಮರೆಯಲಾಗಲಿಲ್ಲ ನೋಡಿ.

ನಮ್ಮಲ್ಲಿ ಹಂದಿಗೆ ಹೆಸರಿಡುವುದು ಯಾಕೆ ಕಡಿಮೆ? ಕೊಳಕು ಅನ್ನುವುದು ಸಿದ್ಧ ಉತ್ತರ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಇಲ್ಲವೆನ್ನುವಷ್ಟು ಕಡಿಮೆ. ಸೆಕೆಗೆ ಅದು ಕೆಸರಿಗೆ ಇಳಿಯುತ್ತದೆ. ಶುದ್ಧ ನೀರು ಸಿಕ್ಕರೆ ಅದರಲ್ಲೇ ಬೀಳುತ್ತದೆ, ಗಟಾರ ಬಿಟ್ಟು ಬೇರೇನೂ ಸಿಗದ ಊರಿನಲ್ಲಿ ಗಟಾರದಲ್ಲಿ. ನಿಜವಾದ ಕಾರಣ ಬೇರೆ ಇದೆ, ಅದು ಹಂದಿಗೆ ಸಂಬಂಧಪಟ್ಟದ್ದಲ್ಲ. ನಾಗರಾಜ್ ಮಂಜುಳೆಯವರ ಮರಾಠಿ ಸಿನಿಮಾ ‘ಫ್ಯಾಂಡ್ರಿ’ 2014ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತು. ಫ್ಯಾಂಡ್ರಿ ಅಂದರೆ ಕೈಕಾಡಿ ಸಮುದಾಯದ ಮಾತಿನಲ್ಲಿ ಹಂದಿ. ಹಳಗನ್ನಡದ ‘ಪಂದಿ’, ಕೊಡವರ ‘ಪಂದಿ’, ತುಳುವರ ‘ಪಂಜಿ’, ತಮಿಳರ ‘ಪನ್ರಿ’, ಎಲ್ಲ ಒಂದೇ ಬಳ್ಳಿಯವು. ಆ ಚಿತ್ರದಲ್ಲಿ ಜಬ್ಯಾ ಎಂಬ ಹುಡುಗ ಶಾಲೆಯ ಗೆಳೆಯರೆಲ್ಲ ನೋಡುತ್ತಿರುವಾಗ ಮನೆಯವರ ಜತೆ ಹಂದಿ ಹಿಡಿಯಲು ಓಡಬೇಕಾಗುತ್ತದೆ. ಜನ ನಗುತ್ತಾರೆ. ಹಂದಿಯನ್ನು ಮುಟ್ಟುವವರನ್ನೇ ದೂರ ಇಟ್ಟ ಸಮಾಜ ಹಂದಿಯನ್ನು ಮುದ್ದಿನ ಪ್ರಾಣಿ ಅನ್ನುವುದು ಎಲ್ಲಿಂದ ಬಂತು! ಅತ್ತ ಕೈಕಾಡಿ, ಇತ್ತ ಕರ್ನಾಟಕದಲ್ಲಿ ಕೊರಮ ಮೊದಲಾದ ಸಮುದಾಯಗಳು ತಲೆತಲಾಂತರದಿಂದ ಹಂದಿಯ ಸ್ವಭಾವ ಬಲ್ಲವರು. ಅವರ ಈ ವಿದ್ಯೆಯನ್ನು ಕೇಳಿ ಬರೆದುಕೊಂಡವರು ಕಡಿಮೆ. ಇಷ್ಟಕ್ಕೂ ವಿಷ್ಣುವಿನ ಅವತಾರ ಹಂದಿ, ಚಾಲುಕ್ಯರ ಲಾಂಛನ ಹಂದಿ, ಚಿನ್ನದ ನಾಣ್ಯದ ಹೆಸರೇ ‘ವರಹ’. ಕಲ್ಲಲ್ಲಿ, ಚಿನ್ನದಲ್ಲಿ ಇದ್ದರೆ ಪೂಜೆ, ಬೀದಿಯಲ್ಲಿ ಇದ್ದರೆ ಬೈಗುಳ.

2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಇದ್ದ ಹಂದಿಗಳು ಸುಮಾರು 90.6 ಲಕ್ಷ. ಅತಿ ಹೆಚ್ಚು ಅಸ್ಸಾಮಿನಲ್ಲಿ. ಮರುವರ್ಷವೇ ಅಲ್ಲಿಗೆ ಆಫ್ರಿಕನ್ ಹಂದಿಜ್ವರ ಕಾಲಿಟ್ಟಿತು. ಅದಕ್ಕೆ ಮದ್ದಿಲ್ಲ. ಒಂದು ಕೊಟ್ಟಿಗೆಯಲ್ಲಿ ರೋಗ ಕಂಡರೆ ಸುತ್ತ ಒಂದು ಕಿಲೊಮೀಟರಿನ ಹಂದಿಗಳನ್ನೆಲ್ಲ, ಆರೋಗ್ಯವಾಗಿರುವುದನ್ನೂ, ಕೊಂದು ಹೂಳುವುದೇ ನಿಯಮ. ಪರಿಹಾರದ ಲೆಕ್ಕ ತೂಕದ ಮೇಲೆ ನಡೆಯುತ್ತದೆ. ಕೈತುತ್ತು ಹಾಕಿ ಬೆಳೆಸಿದ್ದಕ್ಕೆ ಆ ಪಟ್ಟಿಯಲ್ಲಿ ಕಾಲಮು ಇಲ್ಲ.

ಸತ್ತ ಪ್ರಾಣಿಗಾಗಿ ಕಲ್ಲು ನಿಲ್ಲಿಸಿ ಅತ್ತ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಅದಕ್ಕೆ ಸಾಕ್ಷಿ, ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ ಏನು ಬೇಕು ಎಂದು ರಾಷ್ಟ್ರಕೂಟರ ಮೂರನೆಯ ಕೃಷ್ಣ ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟೀತು ಎಂದು ಅರ್ಚಕನಿಗೆ ಎಚ್ಚರಿಕೆಯೂ ಅದರಲ್ಲಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇದೆ. ಅದರ ಮೇಲಿನ ಕೆತ್ತನೆಯಲ್ಲಿ ನಾಯಿ, ಹಂದಿ ಎರಡೂ ಎದುರುಬದುರು ಕಾದಾಡುತ್ತಿವೆ.

ಈಗ ನಮ್ಮ ನಗರಗಳಲ್ಲೂ ‘ಮಿನಿ ಪಿಗ್’ ಬೇಕು ಅನ್ನುವ ಮಕ್ಕಳಿದ್ದಾರೆ. ಫೋನಿನಲ್ಲಿ ಕಂಡ ಟೀ ಕಪ್ಪಿನೊಳಗಿನ ಮರಿ ಅವರ ಕಣ್ಣಿಗೆ ಬಿದ್ದಿದೆ. ಕಳವಾ ಕಡೆಯ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಅಂಥ ಮರಿ ತರುವ ಯೋಚನೆ ಯಾರಿಗಾದರೂ ಇದ್ದರೆ, ಮೊದಲು ಹಂದಿಗೆ ಚಿಕಿತ್ಸೆ ಕೊಡುವ ಪಶುವೈದ್ಯರು ಹತ್ತಿರ ಇದ್ದಾರೆಯೇ ವಿಚಾರಿಸಿ. ಮೂತಿಯಿಂದ ಅಗೆಯಲು ಮಣ್ಣು ಇರುವ ಜಾಗ ಎಲ್ಲಿದೆ ನೋಡಿ. ಅಗೆಯಲು ಸಿಗದ ಹಂದಿ ಹಾಸಿಗೆಯನ್ನು ಅಗೆಯುತ್ತದೆ. ಮಾರುವವರು ಮರಿಯ ತಾಯಿಯನ್ನು ತೋರಿಸಿ, ನೋಡಿ, ಇಷ್ಟೇ ದೊಡ್ಡದಾಗುವುದು ಅನ್ನಬಹುದು. ಆಗ ತಾಯಿಯ ವಯಸ್ಸು ಎಷ್ಟು ಎಂದು ಕೇಳಲು ಮರೆಯಬೇಡಿ. ಹೆಣ್ಣು ಹಂದಿ ಆರೇಳು ತಿಂಗಳಿಗೇ ಬೆದೆಗೆ ಬಂದು ಗಬ್ಬ ಕಟ್ಟುತ್ತದೆ, ಪೂರ್ತಿ ಬೆಳೆಯಲು ಅದಕ್ಕೆ ಮೂರು ನಾಲ್ಕು ವರ್ಷ ಬೇಕು.